ಗಾಳಿದಿಂಬು

ಗಾಳಿಯನ್ನು ಚಕ್ರದಲ್ಲಿ ಕಟ್ಟಿ ಅದರ ಮೇಲೆ ಭಾರ ಹೊರಿಸಬಹುದೆಂಬುದನ್ನು ಮನುಷ್ಯನು ಕಂಡುಕೊಂಡು ಬಹಳ ಕಾಲವೇನೂ ಆಗಿಲ್ಲ. 1844ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಎಂಬಾತನು ರಬ್ಬರನ್ನು ಗಂಧಕದೊಡನೆ ಕಾಯಿಸಿ ಹದಗೊಳಿಸುವ ವಿಧಾನಕ್ಕೆ ಹಕ್ಕುಪತ್ರ ಪಡೆದನು. ಮರುವರ್ಷ ಸ್ಕಾಟ್ಲೆಂಡಿನ ರಾಬರ್ಟ್ ಥಾಮ್ಸನ್ ಗಾಳಿ ತುಂಬಿದ ಚಕ್ರಕ್ಕೆ ಹಕ್ಕುಪತ್ರ ಪಡೆದನು. ಲೋಕವು ಅದನ್ನು ಮರೆತುಬಿಟ್ಟಿತು. ಬಳಿಕ ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್, ತನ್ನ ಮಗನ ಮೂರು ಗಾಲಿಯ ಪುಟ್ಟ ಬಂಡಿ ಕಲ್ಲಿನ ಮೇಲೆ ಕುಲುಕುವುದನ್ನು ನೋಡಲಾರದೆ ಅದೇ ಉಪಾಯವನ್ನು ಮತ್ತೆ ಕಂಡುಕೊಂಡು 1888ರಲ್ಲಿ ಹಕ್ಕುಪತ್ರ ಪಡೆದನು. ಅಂದಿನಿಂದ ನಮ್ಮ ರಸ್ತೆಗಳ ಭಾರವನ್ನೆಲ್ಲ ಗಾಳಿಯೇ ಹೊರುತ್ತಿದೆ. ಆದರೆ ಗಾಳಿಯ ಸ್ವಭಾವವೊಂದುಂಟು. ಇರುವಾಗ ಅದನ್ನು ಯಾರೂ ನೆನೆಯುವುದಿಲ್ಲ. ಒಮ್ಮೆಗೇ ಸಿಡಿದು ಹೋಗುವ ಗಾಳಿಯಾದರೂ ಸದ್ದು ಮಾಡಿ ಹೇಳಿ ಹೋಗುತ್ತದೆ. ಸೋರಿ ಹೋಗುವ ಗಾಳಿ ಹೇಳದೆ ಹೋಗುತ್ತದೆ. ಸಕಲೇಶಪುರದ ಮೇಷ್ಟರೊಬ್ಬರಿಗೆ ಈ ಎರಡನೆಯ ಬಗೆಯ ಗಾಳಿಯೊಡನೆ ವ್ಯವಹಾರ ಬಿದ್ದಿತು.

ಮೇಷ್ಟರು ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಭೌತವಿಜ್ಞಾನವನ್ನು ಕಲಿಸಿ 2017ರಲ್ಲಿ ನಿವೃತ್ತರಾದವರು. ಕೆಲಸಕ್ಕೆ ಸೇರಿದ ವರ್ಷವೇ, ಅಂದರೆ 1983ರಲ್ಲಿ, ಸಾಲ ಮಾಡಿ ಒಂದು ಯೆಜ್ಡಿ ಮೋಟಾರು ಸೈಕಲ್ಲನ್ನು ಕೊಂಡಿದ್ದರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ತಯಾರಾಗುತ್ತಿದ್ದ ಗಾಡಿಗಳ ವಂಶದ್ದು ಅದು. ಆ ಕಾರ್ಖಾನೆ 1996ರಲ್ಲಿ ಮುಚ್ಚಿಹೋಯಿತು. ಮೇಷ್ಟರ ಗಾಡಿ ಮಾತ್ರ ಮುಚ್ಚಲಿಲ್ಲ. ಅದನ್ನು ಚಾಲೂ ಮಾಡುವ ಕಾಲುಸನ್ನೆಯೂ ಗೇರು ಬದಲಿಸುವ ಸನ್ನೆಯೂ ಒಂದೇ ಎಂಬುದು ಅದನ್ನು ಬಲ್ಲವರಿಗೆಲ್ಲ ಗೊತ್ತು. ಅದರ ಎರಡು ಹೊಗೆಕೊಳವೆಗಳ ಸದ್ದನ್ನು ಒಮ್ಮೆ ಕೇಳಿದವರು ಮರೆಯುವುದೂ ಇಲ್ಲ.

2022ರ ಮಳೆಗಾಲದಲ್ಲಿ ಮೇಷ್ಟರು ಹಿತ್ತಲಿನ ಪಾಚಿ ಕಟ್ಟಿದ ಮೆಟ್ಟಿಲ ಮೇಲೆ ಜಾರಿ ಬಿದ್ದು ಬೆನ್ನುಮೂಳೆಯ ತುದಿಯ ಎಲುಬಿಗೆ ಪೆಟ್ಟು ಮಾಡಿಕೊಂಡರು. ವೈದ್ಯರು ಪರೀಕ್ಷಿಸಿ, ಗಟ್ಟಿಯಾದ ಪೀಠದ ಮೇಲೆ ಬಹಳ ಹೊತ್ತು ಕೂರಬಾರದೆಂದೂ ಮೋಟಾರು ಸೈಕಲ್ಲಿನ ಮಾತನ್ನು ಬಿಡುವುದೇ ಲೇಸೆಂದೂ ಹೇಳಿದರು. ಮೇಷ್ಟರು ಮೊದಲನೆಯದನ್ನು ಒಪ್ಪಿದರು. ಎರಡನೆಯದಕ್ಕೆ ಉತ್ತರ ಕೊಡಲಿಲ್ಲ. ಪುಣೆಯಲ್ಲಿದ್ದ ಮಗಳಿಗೆ ತಂದೆಯ ಮೌನದ ಅರ್ಥ ತಿಳಿದಿತ್ತು. ಹದಿನೈದು ದಿನದಲ್ಲಿ ಅಂಚೆಯ ಮೂಲಕ ಒಂದು ಗಾಳಿದಿಂಬು ಬಂದಿಳಿಯಿತು.

ಅದನ್ನು ದಿಂಬೆನ್ನುವುದಕ್ಕಿಂತ ಗಾಳಿಯ ಗೂಡುಗಳ ಸಾಲು ಎನ್ನಬೇಕು. ತಳದ ಹಾಳೆಯ ಮೇಲೆ ಮೊಟ್ಟೆಯಾಕಾರದ ಗುಬ್ಬಿಗಳು ಒತ್ತಾಗಿ ನಿಂತಿವೆ. ಒಳಗೊಳಗೇ ಒಂದಕ್ಕೊಂದು ಸಂಪರ್ಕವುಂಟು. ಒಂದು ಗುಬ್ಬಿಯ ಮೇಲೆ ಭಾರ ಬಿದ್ದರೆ ಅದರ ಗಾಳಿ ನೆರೆಯವಕ್ಕೆ ಹರಿದು, ಒತ್ತಡವು ಎಲ್ಲ ಕಡೆಗೂ ಸಮನಾಗಿ ಹಂಚಿಹೋಗುತ್ತದೆ. ಹೀಗಾಗಿ ಎಲುಬಿನ ಮೊನೆಯಿರುವ ಕಡೆಯಲ್ಲಿ ಮಾತ್ರ ಒತ್ತುವುದೆಂಬುದಿಲ್ಲ. ಇದನ್ನು ಬಿಗಿಯಾಗಿ ತುಂಬುವುದು ಹೊಸಬರ ತಪ್ಪು. ಬಿಗಿದ ದಿಂಬು ಚೆಂಡಿನಂತೆ ಪುಟಿದು ಕೂತವನನ್ನು ಅಲುಗಾಡಿಸುತ್ತದೆ. ಕೂತ ಮೇಲೆ ಎಲುಬಿಗೂ ತಳದ ಹಾಳೆಗೂ ನಡುವೆ ಒಂದು ಬೆರಳು ದಪ್ಪದಷ್ಟೇ ಅಂತರ ಉಳಿಯಬೇಕು. ಅಷ್ಟು ಕಡಮೆ ಗಾಳಿಯ ಮೇಲೆ ನಿಂತಿರುವ ಸೌಖ್ಯವಾದ್ದರಿಂದಲೇ, ಅದರಲ್ಲಿ ಸ್ವಲ್ಪ ಕಡಮೆಯಾದರೂ ಸೌಖ್ಯವೆಲ್ಲ ಹೋಗುತ್ತದೆ.

ಮೋಟಾರು ಸೈಕಲ್ಲಿನ ಮೇಲೆ ಮೇಷ್ಟರಿಗೆ ಇಷ್ಟೊಂದು ಹಟವೇಕೆಂದು ಓದುವವರು ಕೇಳಬಹುದು. ಅದಕ್ಕೆ ಕಾರಣ ಅವರ ಅಕ್ಕ. ಆಕೆ ಅವರಿಗಿಂತ ಒಂಬತ್ತು ವರ್ಷ ಹಿರಿಯರು. ಉಪ್ಪಿನಂಗಡಿಯ ಕಡೆ ಒಂದು ಅಡಕೆ ತೋಟದ ಮನೆಗೆ ಸೇರಿದವರು. ಮಲೆಯ ಮೇಲಿನ ಹುಡುಗಿ ಘಟ್ಟದ ಕೆಳಗೆ ಐವತ್ತು ವರ್ಷ ಬಾಳಿ, ಈಗ ಮಾತಿನಲ್ಲಿಯೂ ಕರಾವಳಿಯವರೇ ಆಗಿಹೋಗಿದ್ದಾರೆ. ತಾಯಿ ಬೇಗ ತೀರಿಕೊಂಡದ್ದರಿಂದ ಮೇಷ್ಟರಿಗೆ ಅಕ್ಷರಾಭ್ಯಾಸ ಮಾಡಿಸಿದವರೂ ಕೈತುತ್ತು ಹಾಕಿದವರೂ ಆಕೆಯೇ. ಆದರೂ 1991ರಲ್ಲಿ ತಂದೆ ಹೋದ ಮೇಲೆ ಇಬ್ಬರ ನಡುವೆ ಏನೋ ತೆಳುವಾಯಿತು. ಜಗಳವಾಗಲಿಲ್ಲ. ಪಾಲು ವಿಭಾಗದಲ್ಲಿ ಯಾರೂ ಯಾರಿಗೂ ಕೆಟ್ಟ ಮಾತನ್ನಾಡಲಿಲ್ಲ. ಒಂದು ವರ್ಷ ದೀಪಾವಳಿಗೆ ಬರುತ್ತೇನೆಂದ ತಮ್ಮ, ಪರೀಕ್ಷೆಯ ಕೆಲಸವಿದೆಯೆಂದು ಬರೆದರು. ಅಕ್ಕ, ಆಗಲಿ, ಅನುಕೂಲವಾದಾಗ ಬಾ ಎಂದು ಉತ್ತರ ಬರೆದರು. ಮರುವರ್ಷ ಮತ್ತೊಂದು ಕಾರಣ, ಉತ್ತರ ಅದೇ. ಅನುಕೂಲವೆಂಬುದು ಕರೆಯದೆ ಬರುವ ಅತಿಥಿಯಲ್ಲ. ಹೀಗೆ ಇಪ್ಪತ್ತೈದು ವರ್ಷದಲ್ಲಿ ಮೇಷ್ಟರು ಆ ಮನೆಯ ಮೆಟ್ಟಿಲು ಹತ್ತಿದ್ದು ಬೆರಳೆಣಿಕೆಯಷ್ಟು ಸಲ. 2016ರಲ್ಲಿ ಭಾವನವರು ತೀರಿಕೊಂಡಾಗ ಹೋದವರು ಸಂಜೆಯೇ ಹಿಂದಿರುಗಿದ್ದರು.

ನಿವೃತ್ತಿಯ ಮರುತಿಂಗಳು ಅಕ್ಕನಿಂದ ಒಂದು ಕಾರ್ಡು ಬಂದಿತು. ನಿನ್ನ ಗಾಡಿಯ ಸದ್ದು ಕೇಳಿ ಬಹಳ ದಿನವಾಯಿತು ಎಂಬುದಿಷ್ಟೇ ಅದರ ಸಾರ. ಮೇಷ್ಟರು ಅದನ್ನು ಎರಡು ಸಲ ಓದಿ ಜೇಬಿಗಿಟ್ಟುಕೊಂಡರು. ಅಂದಿನಿಂದ ತಿಂಗಳ ಎರಡನೆಯ ಶನಿವಾರ ದೋಣಿಗಾಲು, ಮಾರನಹಳ್ಳಿಗಳ ಮಾರ್ಗವಾಗಿ ಶಿರಾಡಿ ಘಾಟಿಯನ್ನಿಳಿದು, ಗುಂಡ್ಯ, ನೆಲ್ಯಾಡಿಗಳನ್ನು ದಾಟಿ ಅಕ್ಕನ ಮನೆಗೆ ಹೋಗುವುದೂ ಭಾನುವಾರ ಹಿಂದಿರುಗುವುದೂ ಅವರಿಗೆ ವ್ರತವಾಯಿತು. ಅಕ್ಕನಿಗೆ ಕಣ್ಣು ಮಂಜಾಗಿತ್ತು, ಕಿವಿ ಚುರುಕಾಗಿತ್ತು. ತೋಟದ ಹೊರಗಿನ ಸಂಕದ ಬಳಿ ಯೆಜ್ಡಿಯ ಸದ್ದು ಕೇಳಿದೊಡನೆ ಆಕೆ ಅನ್ನಕ್ಕೆ ನೀರಿಡುತ್ತಿದ್ದರು. ಮೇಷ್ಟರು ಕೈಕಾಲು ತೊಳೆದು, ತಂದ ಪತ್ರಿಕೆಯನ್ನು ಓದಿ ಹೇಳುವಷ್ಟರಲ್ಲಿ ಅನ್ನ ಬೇಯುತ್ತಿತ್ತು.

ಸೋರಿಕೆ ಮೊದಲು ಗೊತ್ತಾದದ್ದು ಕಳೆದ ಡಿಸೆಂಬರಿನ ಪ್ರಯಾಣದಲ್ಲಿ. ಘಾಟಿಯನ್ನಿಳಿಯುವಾಗ ದಿಂಬು ಕ್ರಮವಾಗಿ ಮೆತ್ತಗಾಗಿ, ಗುಂಡ್ಯಕ್ಕೆ ಬರುವ ವೇಳೆಗೆ ಎಲುಬು ತಳಕ್ಕೆ ತಾಗಿತು. ಮೇಷ್ಟರಿಗೆ ನೋವಿಗಿಂತ ಸಂತೋಷವೇ ಹೆಚ್ಚಾಯಿತೆಂದರೆ ಅವರ ವೃತ್ತಿಯನ್ನು ಬಲ್ಲವರು ನಂಬುತ್ತಾರೆ. ಏಕೆಂದರೆ ಇದಕ್ಕೆ ಕಾರಣವು ಅವರಿಗೆ ಕೂಡಲೇ ಹೊಳೆಯಿತು. ಪಾಸ್ಕಲನ ಪ್ರಯೋಗವನ್ನು ಅವರು ಪ್ರತಿವರ್ಷವೂ ಮಕ್ಕಳಿಗೆ ಕಥೆಯಾಗಿ ಹೇಳುತ್ತಿದ್ದರು. ಎತ್ತರಕ್ಕೆ ಹೋದಂತೆ ವಾಯುವಿನ ಒತ್ತಡ ಕಡಮೆಯಾಗಬೇಕೆಂದು ಪಾಸ್ಕಲನು ಊಹಿಸಿದನು. ಆದರೆ ತಾನಿದ್ದದ್ದು ಪ್ಯಾರಿಸಿನಲ್ಲಿ. ಆದ್ದರಿಂದ ತನ್ನ ಅಕ್ಕ ಗಿಲ್ಬರ್ಟಳ ಗಂಡನಾದ ಪೆರಿಯೆಗೆ ಕಾಗದ ಬರೆದನು. ಆ ಭಾವನು 1648ರ ಸೆಪ್ಟೆಂಬರ್ 19ರಂದು ಕ್ಲೆರ್ಮಾಂಟಿನ ಹತ್ತಿರದ ಪುಯ್ ದ ದೋಮ್ ಬೆಟ್ಟಕ್ಕೆ ಪಾದರಸದ ಕೊಳವೆಯನ್ನು ಹೊರಿಸಿಕೊಂಡು ಹತ್ತಿದನು. ಕೆಳಗೆ ಇದ್ದುದಕ್ಕಿಂತ ಮೇಲೆ ಪಾದರಸವು ಎಂಟು ಸೆಂಟಿಮೀಟರಿಗೂ ಮಿಕ್ಕು ಇಳಿದಿತ್ತು. ಅಕ್ಕನನ್ನು ಒಳ್ಳೆಯ ಕಡೆ ಕೊಟ್ಟರೆ ವಿಜ್ಞಾನಕ್ಕೂ ಉಪಕಾರವಾಗುತ್ತದೆ ಎಂದು ಮೇಷ್ಟರು ಹೇಳಿದರೆ ತರಗತಿಯೆಲ್ಲ ನಗುತ್ತಿತ್ತು.

ಸಕಲೇಶಪುರವು ಸಮುದ್ರಮಟ್ಟದಿಂದ ಒಂಬೈನೂರು ಮೀಟರಿಗೂ ಮಿಕ್ಕ ಎತ್ತರದಲ್ಲಿದೆ. ಅಲ್ಲಿ ಪಾದರಸವು ಸುಮಾರು 680 ಮಿಲಿಮೀಟರು ನಿಲ್ಲುತ್ತದೆ, ಸಮುದ್ರಮಟ್ಟದಲ್ಲಿ 760. ಮೇಲೆ ಸಡಿಲವಾಗಿ ತುಂಬಿದ ಗಾಳಿಯನ್ನು ಕೆಳಗೆ ತಂದರೆ ಹೊರಗಿನ ಒತ್ತಡ ಹೆಚ್ಚಿ ಅದರ ಗಾತ್ರವು ನೂರಕ್ಕೆ ಹತ್ತರಷ್ಟು ಕುಗ್ಗಬೇಕು. ಬೆಳಗಿನ ಚಳಿಯಿಂದ ಮಧ್ಯಾಹ್ನದ ಸೆಕೆಗೆ ಹೋದಾಗ ನೂರಕ್ಕೆ ಐದರಷ್ಟು ಹಿಗ್ಗುವುದೂ ಉಂಟು. ಎರಡನ್ನೂ ಕಳೆದು ಕೂಡಿದರೆ ನೂರಕ್ಕೆ ಐದು ನಷ್ಟ ಉಳಿಯುತ್ತದೆ. ಬೆರಳು ದಪ್ಪದ ಸೌಖ್ಯಕ್ಕೆ ಇಷ್ಟೇ ಸಾಕು. ಮೇಷ್ಟರು ಗುಂಡ್ಯದಲ್ಲಿ ಗಾಡಿ ನಿಲ್ಲಿಸಿ, ಬಿರಡೆಯನ್ನು ತಿರುವಿ ಎರಡು ಉಸಿರು ಊದಿ ಮುಂದೆ ಹೋದರು. ಅಂದು ಅಕ್ಕನಿಗೆ ಪತ್ರಿಕೆಯ ಬದಲು ಪಾಸ್ಕಲನ ಕಥೆಯನ್ನೇ ಹೇಳಿದರು.

ಆದರೆ ಸಿದ್ಧಾಂತವು ಎರಡು ಅಲಗಿನ ಕತ್ತಿ. ಭಾನುವಾರ ಘಾಟಿಯನ್ನು ಹತ್ತಿ ಮೇಲೆ ಬಂದಾಗ, ಎರಡು ಉಸಿರು ಹೆಚ್ಚಾಗಿಯೇ ಇದ್ದ ದಿಂಬು ಹೊರಟಾಗಿಗಿಂತ ಬಿಗಿಯಾಗಿರಬೇಕಷ್ಟೆ? ಅದು ಹಪ್ಪಳದಂತೆ ಚಪ್ಪಟೆಯಾಗಿತ್ತು. ಪಾಸ್ಕಲನು ಅರ್ಧ ದಾರಿಯಲ್ಲಿ ಕೈಬಿಟ್ಟಿದ್ದನು. ಎಲ್ಲಿಯೋ ತೂತು ಇತ್ತು.

ತೂತು ಇದೆಯೆಂದು ತಿಳಿದವರು ಮರುದಿನವೇ ಅದನ್ನು ಹುಡುಕುತ್ತಾರೆಂದು ಭಾವಿಸಬಾರದು. ಊದಿದರೆ ಒಂದು ಗಂಟೆ ನಿಲ್ಲುವ ದಿಂಬು ಅದು. ಪೇಟೆಗೆ ಹೋಗಿ ಬರುವಷ್ಟಕ್ಕೆ ಮೂರು ಉಸಿರು ಸಾಕಾಗುತ್ತಿತ್ತು. ಮೇಷ್ಟರು ಮೂರು ವಾರ ಉಸಿರಿನ ಮೇಲೆಯೇ ಕಾಲ ನೂಕಿದರು. ಮೂರು ಹೋಗಿ ಐದಾಯಿತು. ಐದು ಹೋಗಿ ಎಂಟಾಯಿತು. ಜನವರಿಯ ಎರಡನೆಯ ಶನಿವಾರಕ್ಕೆ ಮೂರು ದಿನ ಉಳಿದಿರಲು ಅವರ ಪತ್ನಿ, “ಊದಿ ಊದಿ ನಿಮ್ಮ ಎದೆಯ ಗಾಳಿಯೇ ತೀರಿಹೋದೀತು. ಘಾಟಿಯ ನಡುವೆ ಅದು ಚಪ್ಪಟೆಯಾದರೆ ಏನು ಮಾಡುತ್ತೀರಿ?” ಎಂದು ಕೇಳಿದರು.

ಬುಧವಾರ ಪರೀಕ್ಷೆ ಆರಂಭವಾಯಿತು. ಸಂಶಯ ಮೊದಲು ಬೀಳಬೇಕಾದ್ದು ಬಿರಡೆಯ ಮೇಲೆ. ನಿಧಾನವಾದ ಸೋರಿಕೆ ಎಷ್ಟೋ ವೇಳೆ ಅಲ್ಲಿಯೇ ಇರುತ್ತದೆ. ಸೈಕಲ್ ಅಂಗಡಿಯವರು ಮಾಡುವಂತೆ ಮೇಷ್ಟರು ಬೆರಳಿನಲ್ಲಿ ಎಂಜಲು ತೆಗೆದು ಬಿರಡೆಯ ಬಾಯಿಗೆ ಸವರಿ ನೋಡಿದರು. ಗುಳ್ಳೆ ಏಳಲಿಲ್ಲ. ತರುವಾಯ ಬಟ್ಟೆ ನೆನೆಸುವ ಬಾನಿಗೆ ನೀರು ತುಂಬಿ, ದಿಂಬಿನ ಮೇಲುಚೀಲವನ್ನು ಕಳಚಿ, ಒಂದೊಂದು ಮಗ್ಗುಲನ್ನಾಗಿ ಮುಳುಗಿಸಿದರು. ಗುಳ್ಳೆಗಳು ನೂರಾರು ಬಂದವು! ಆದರೆ ಅವು ಗುಬ್ಬಿಗಳ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಹೊರಗಾಳಿಯ ಗುಳ್ಳೆಗಳು. ಒಮ್ಮೆ ಕೈಯಿಂದ ಒರಸಿದರೆ ಮತ್ತೆ ಹುಟ್ಟಲಿಲ್ಲ. ನಿಜವಾದ ತೂತಿನ ಗುರುತು ಒಂದೇ ಜಾಗದಿಂದ, ಒರಸಿದರೂ ಬಿಡದೆ, ಮತ್ತೆ ಮತ್ತೆ ಏಳುವುದು. ಅಂಥದೊಂದೂ ಕಾಣಲಿಲ್ಲ. ಒಂದು ಗಂಟೆ ನೀರಿನಲ್ಲಿ ಕೈಯಾಡಿಸಿ ಮೇಷ್ಟರು ಸೀನತೊಡಗಿದರು.

ಮರುದಿನ ಬೆಳಿಗ್ಗೆ ಪತ್ನಿ ಅಂಟವಾಳದ ಕಾಯಿಯನ್ನು ನೆನೆಹಾಕಿ ಕಿವುಚಿ ದಪ್ಪನೆಯ ನೊರೆ ಮಾಡಿದರು. “ನೀವು ಅದನ್ನು ಬರಿದೇ ತೇಲಿಸಿದಿರಿ. ಅದು ಸೋರುವುದು ನೀವು ಮೇಲೆ ಕೂತಾಗಲ್ಲವೆ? ಭಾರ ಬಿದ್ದಾಗ ನೋಡಬೇಕು” ಎಂದರು. ಭೌತವಿಜ್ಞಾನದ ಮೇಷ್ಟರು ಒಂದು ಕ್ಷಣ ಸುಮ್ಮನಿದ್ದು, ಸರಿಯೆಂದು ಒಪ್ಪಿಕೊಂಡರು. ಸೀಳು ಸಣ್ಣದಾದರೆ ಹಾಳೆ ಸಡಿಲವಾಗಿರುವಾಗ ಅದರ ತುಟಿಗಳು ಮುಚ್ಚಿಕೊಂಡಿರುತ್ತವೆ. ಎಳೆತ ಬಂದಾಗ ಮಾತ್ರ ಬಾಯಿಬಿಡುತ್ತವೆ. ದಿಂಬನ್ನು ಜಗಲಿಯ ಮೇಲೆ ಬೋರಲಾಗಿ ಹಾಕಿ, ತಳಕ್ಕೆ ನೊರೆ ಬಳಿದು, ಮೇಷ್ಟರು ಎರಡು ಅಂಗೈಗಳನ್ನೂ ಊರಿ ಒತ್ತಿದರು. ಪತ್ನಿ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಅಂಚಿಗೆ ನಾಲ್ಕು ಬೆರಳು ಒಳಗೆ ಸಾಸುವೆಯಷ್ಟು ಗುಳ್ಳೆ ಹುಟ್ಟಿತು, ಮೆಣಸಿನ ಕಾಳಿನಷ್ಟಾಯಿತು, ಕಡಲೆಯಷ್ಟಾಗಿ ಒಡೆಯಿತು, ಮತ್ತೆ ಸಾಸುವೆ. “ಅದೇ!” ಎಂದು ಇಬ್ಬರೂ ಒಮ್ಮೆಗೇ ಕೂಗಿದರು. ಒದ್ದೆಯ ಮೇಲೆ ಪೆನ್ನು ಬರೆಯದು. ಆಕೆ ಒಳಗಿನಿಂದ ಕಾಡಿಗೆ ತಂದು ಆ ಜಾಗಕ್ಕೆ ಸುತ್ತ ಬಳೆಯಿಟ್ಟರು.

ತೂತಿಗೆ ಕಾರಣವೂ ತಿಳಿಯಿತು. ದಿಂಬನ್ನು ಸೀಟಿಗೆ ಬಿಗಿಯುವ ಪಟ್ಟಿಯ ಕೊಂಡಿ ಕೆಳಮುಖವಾಗಿರಬೇಕಾದ್ದು. ಮೇಷ್ಟರು ಅದನ್ನು ಮೇಲ್ಮುಖವಾಗಿ ಹಾಕಿದ್ದರು. ತಿಂಗಳುಗಟ್ಟಲೆ ಅದು ಸದ್ದಿಲ್ಲದೆ ಉಜ್ಜಿ ಉಜ್ಜಿ ಹಾಳೆಯನ್ನು ಸವೆಸಿತ್ತು. ಮಗಳನ್ನೂ ದಿಂಬು ಮಾಡಿದವರನ್ನೂ ದೂರಲು ಅವಕಾಶವಿಲ್ಲದೆ ಹೋಯಿತು.

ಸಂಜೆ ಹಳೆಯ ಶಿಷ್ಯನೊಬ್ಬನ ಪಂಕ್ಚರ್ ಅಂಗಡಿಗೆ ಹೋದರು. ಅವನು ಭಕ್ತಿಯಿಂದ ಉಪ್ಪುಕಾಗದದಲ್ಲಿ ಉಜ್ಜಿ, ಸೊಲ್ಯೂಷನ್ ಹಚ್ಚಿ, ಟ್ಯೂಬಿನ ತೇಪೆಯೊಂದನ್ನು ಒತ್ತಿ ಕೊಟ್ಟನು; ದುಡ್ಡು ತೆಗೆದುಕೊಳ್ಳಲಿಲ್ಲ. ಶುಕ್ರವಾರ ಬೆಳಿಗ್ಗೆ ತೇಪೆ ಒಣಗಿದ ಎಲೆಯಂತೆ ಅಂಚಿನಿಂದ ಎದ್ದು ನಿಂತಿತ್ತು. ಶಿಷ್ಯನು ಅದನ್ನು ನೋಡಿ ನಾಚಿ, “ಸಾರ್, ಇದು ರಬ್ಬರ್ ಅಲ್ಲ. ಅದಕ್ಕೇ ಹಿಡಿದಿಲ್ಲ” ಎಂದನು. ಮೇಷ್ಟರು ಮೂಲೆಯ ಚೀಟಿಯನ್ನು ಭೂತಗನ್ನಡಿಯಲ್ಲಿ ಓದಿದರು. ಪಾಲಿಯುರೆಥೇನ್ ಎಂದಿತ್ತು. ಟ್ಯೂಬಿನ ಸೊಲ್ಯೂಷನ್ನು ರಬ್ಬರಿನೊಡನೆ ಬೆರೆತು ಒಂದಾಗುತ್ತದೆ. ಬೇರೆ ಜಾತಿಯ ಹಾಳೆಯ ಮೇಲೆ ಬರಿದೇ ಒಣಗಿ ಕೂರುತ್ತದೆ. ಇಂಥ ದಿಂಬುಗಳು ನಿಯೋಪ್ರೀನಿನಲ್ಲಿಯೂ ಬರುತ್ತವೆ, ಪಿವಿಸಿಯಲ್ಲಿಯೂ ಬರುತ್ತವೆ. ಒಂದೊಂದಕ್ಕೂ ಅದರದರದೇ ಅಂಟು. ಮನೆಗೆ ಬಂದಾಗ ಪತ್ನಿ ಅಟ್ಟದಿಂದ ದಿಂಬಿನ ಹಳೆಯ ಡಬ್ಬಿಯನ್ನು ಇಳಿಸಿದ್ದರು. ಅದರ ತಳದಲ್ಲಿ ಒಂದು ಪೊಟ್ಟಣ. ಪೊಟ್ಟಣದಲ್ಲಿ ನಾಲ್ಕು ದುಂಡು ತೇಪೆಗಳು, ಅಂಟಿನ ಪುಟ್ಟ ಕೊಳವೆ, ಮತ್ತು ಒಂದು ಮುದ್ರಿತ ಹಾಳೆ. ಪ್ರಶ್ನಪತ್ರಿಕೆಯನ್ನು ಪೂರ್ತಿ ಓದದೆ ಉತ್ತರ ಬರೆಯಬೇಡಿರೆಂದು ಮೂವತ್ತನಾಲ್ಕು ವರ್ಷ ಹೇಳಿದವರು ಆ ಹಾಳೆಯನ್ನು ಎರಡೂವರೆ ವರ್ಷದಿಂದ ಬಿಡಿಸಿರಲಿಲ್ಲ.

ಈ ಸಲ ಎಲ್ಲವೂ ಕ್ರಮವಾಗಿ ನಡೆಯಿತು. ಗಾಳಿಯನ್ನು ಪೂರ್ತಿ ಬಿಟ್ಟು ಹಾಳೆಯನ್ನು ಮಟ್ಟವಾಗಿ ಹಾಸಿದರು. ಹಳೆಯ ಸೊಲ್ಯೂಷನ್ನಿನ ಕೊಳೆಯನ್ನೂ ಕಾಡಿಗೆಯ ಜಿಡ್ಡನ್ನೂ ಸ್ಪಿರಿಟ್ಟಿನಿಂದ ಒರಸಿ, ಮೃದುವಾಗಿ ಉಜ್ಜಿ, ಮತ್ತೆ ಒರಸಿ ಆರಗೊಟ್ಟರು. ತೇಪೆಗೂ ಹಾಳೆಗೂ ಅಂಟನ್ನು ತೆಳ್ಳಗೆ ಸವರಿ, ಕೈಗೆ ಅಂಟಂಟಾಗುವವರೆಗೆ ಕಾದು, ನಡುವಿನಿಂದ ಅಂಚಿಗೆ ಒತ್ತಿದರು. ಮೇಲೆ ಹಲಗೆಯಿಟ್ಟು, ಹಲಗೆಯ ಮೇಲೆ ರುಬ್ಬುಗುಂಡನ್ನಿಟ್ಟರು. ಇಪ್ಪತ್ತನಾಲ್ಕು ಗಂಟೆ ಅಲುಗಿಸಕೂಡದೆಂದು ಹಾಳೆಯಲ್ಲಿತ್ತು. ಆಗ ಶುಕ್ರವಾರ ಸಂಜೆ ಏಳು ಗಂಟೆ.

ಮೇಷ್ಟರು ಅಕ್ಕನಿಗೆ ಫೋನು ಮಾಡಿದರು. “ಅಕ್ಕ, ನಾಳೆ ಬರಲಾಗುವ ಹಾಗಿಲ್ಲ. ಮುಂದಿನ ವಾರ ನೋಡುತ್ತೇನೆ.”

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಬಳಿಕ, “ಆಗಲಿ ತಮ್ಮ. ಅನುಕೂಲವಾದಾಗ ಬಾ.”

ಫೋನನ್ನು ಕೆಳಗಿಟ್ಟ ಮೇಷ್ಟರು ಅಂದು ಸರಿಯಾಗಿ ಊಟ ಮಾಡಲಿಲ್ಲ. ಆ ಮಾತು ಅವರಿಗೆ ಚೆನ್ನಾಗಿ ಗೊತ್ತಿದ್ದ ಮಾತು. ಅದೇ ಧ್ವನಿ, ಅದೇ ಸೌಜನ್ಯ. ಇಪ್ಪತ್ತೈದು ವರ್ಷ ಎಲ್ಲಿ ಸೋರಿತೆಂದು ಅವರು ಆಗಾಗ ಹುಡುಕಿದ್ದುಂಟು. ಪಾಲುಪತ್ರದಲ್ಲಿ ಹುಡುಕಿದ್ದರು, ಭಾವನವರ ಸ್ವಭಾವದಲ್ಲಿ ಹುಡುಕಿದ್ದರು. ಅಲ್ಲೆಲ್ಲೂ ಏನೂ ಸಿಕ್ಕಿರಲಿಲ್ಲ. ಈಗ ಕತ್ತಲಲ್ಲಿ ಮಲಗಿ ನೋಡಿದರೆ, ಪ್ರತಿ ಸಲವೂ ಒಂದು ಯೋಗ್ಯವಾದ ಕಾರಣವಿತ್ತು. ಕಾರಣ ಹೇಳಿದವರು ತಾವೇ. ಕೊಂಡಿಯನ್ನು ಮೇಲ್ಮುಖವಾಗಿ ಹಾಕಿದವರೂ ತಾವೇ.

ಬೆಳಗಿನ ಜಾವ ಐದು ಗಂಟೆಗೆ ಅವರು ರುಬ್ಬುಗುಂಡಿನ ಮುಂದೆ ಕುಳಿತಿರುವುದನ್ನು ಪತ್ನಿ ಕಂಡರು. “ನೀವು ಕಾವಲು ಕೂತರೆ ಅಂಟು ಬೇಗ ಆರುವುದಿಲ್ಲ. ಮಂಗಳೂರಿನ ಬಸ್ಸು ಇದೆಯಲ್ಲ?” ಎಂದರು.

“ಬಸ್ಸಿನ ಸೀಟು...”

“ಕಂಬಳಿ ಮಡಿಸಿಕೊಡುತ್ತೇನೆ. ನೋವಾದರೆ ನಡುನಡುವೆ ಎದ್ದು ನಿಂತುಕೊಳ್ಳಿ.”

ಮೇಷ್ಟರು ಕಂಬಳಿಯ ಮೇಲೆ ಕುಳಿತೂ ಎದ್ದೂ ಘಾಟಿಯನ್ನಿಳಿದರು. ಉಪ್ಪಿನಂಗಡಿಯಲ್ಲಿ ಇಳಿದು ಆಟೋ ಹಿಡಿದರು. ಸಂಕದಾಚೆಗೆ ದಾರಿ ಕಿರಿದಾದ್ದರಿಂದ ತೋಟದೊಳಗೆ ನಡೆದೇ ಹೋದರು. ಅಕ್ಕ ಜಗಲಿಯಲ್ಲಿ ಕುಳಿತು ಅಡಕೆ ಸುಲಿಯುತ್ತಿದ್ದರು. ಹೆಜ್ಜೆಯ ಸದ್ದಿಗೆ ತಲೆಯೆತ್ತಿ, “ಯಾರದು?” ಎಂದರು.

“ನಾನು, ಅಕ್ಕ.”

ಆಕೆಯ ಕೈಯಲ್ಲಿದ್ದ ಅಡಕೆ ಹಾಗೆಯೇ ನಿಂತಿತು. “ಎಂತ ಮಾರಾಯ! ಗಾಡಿಯ ಸದ್ದೇ ಕೇಳಲಿಲ್ಲ. ಅನ್ನಕ್ಕೆ ನೀರೂ ಇಟ್ಟಿಲ್ಲ ನಾನು.”

ಮೇಷ್ಟರು ಪಕ್ಕದಲ್ಲಿ ಮೆಲ್ಲನೆ ಕುಳಿತು ದಿಂಬಿನ ಕಥೆಯನ್ನು ಆದ್ಯಂತವಾಗಿ ಹೇಳಿದರು. ಪಾಸ್ಕಲನು ಕೈಕೊಟ್ಟದ್ದು, ಬಾನಿಯ ಗುಳ್ಳೆ, ಅಂಟವಾಳದ ನೊರೆ, ರುಬ್ಬುಗುಂಡು. ಅಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಸೆರಗಿನಿಂದ ಕಣ್ಣೊರಸಿಕೊಂಡು, “ಹಾಗಾದರೆ ನಿನ್ನೆ ಬರುವುದಿಲ್ಲ ಅಂದದ್ದು ಗಾಳಿ ಹೋಯಿತು ಅಂತಲೋ?” ಎಂದರು.

“ಹೌದು, ಅಕ್ಕ.”

“ಮೊದಲು ಬಾರದೆ ಇದ್ದದ್ದೂ?”

ಮೇಷ್ಟರಿಗೆ ಉತ್ತರ ಹೊಳೆಯಲಿಲ್ಲ. ಬಹಳ ಹೊತ್ತಿನ ಮೇಲೆ, “ಅದು ನನ್ನ ತಪ್ಪು” ಎಂದರು. ಅಕ್ಕ ಎರಡು ಅಡಕೆ ಸುಲಿದರು. “ನಾನೂ ಕರೆಯಬೇಕಿತ್ತು. ಅನುಕೂಲವಾದಾಗ ಬಾ ಅಂತ ಬರೆದರೆ ಯಾರು ಬರುತ್ತಾರೆ? ಇರಲಿ. ಕೈಕಾಲು ತೊಳೆ, ಅನ್ನಕ್ಕೆ ಇಡುತ್ತೇನೆ” ಎಂದು ಎದ್ದರು.

ಭಾನುವಾರ ಸಂಜೆ ಮೇಷ್ಟರು ಮನೆಗೆ ಬಂದು ರುಬ್ಬುಗುಂಡನ್ನಿಳಿಸಿದರು. ತೇಪೆ ಹಾಳೆಯೊಡನೆ ಒಂದಾಗಿ ಕೂತಿತ್ತು. ದಿಂಬಿಗೆ ಗಾಳಿ ತುಂಬಿ, ಮೇಲೆ ಇಪ್ಪತ್ತೈದು ಕಿಲೋ ಅಕ್ಕಿಯ ಮೂಟೆಯನ್ನಿಟ್ಟು, ಅಡಿಕೋಲಿನಲ್ಲಿ ಎತ್ತರವನ್ನು ಅಳೆದು ಗೋಡೆಯ ಮೇಲೆ ಗುರುತು ಮಾಡಿದರು. ಬೆಳಿಗ್ಗೆ ಮೂಟೆ ಗುರುತಿನಲ್ಲಿಯೇ ಇತ್ತು. ಪಟ್ಟಿಯ ಕೊಂಡಿಯನ್ನು ಈ ಸಲ ಕೆಳಮುಖವಾಗಿ ತಿರುಗಿಸಿ, ಅದರ ಮೇಲೆ ಹಳೆಯ ಟ್ಯೂಬಿನ ತುಂಡೊಂದನ್ನು ಹೊದಿಸಿದರು. ಶಿಷ್ಯನ ತೇಪೆಗೂ ಹೀಗೆ ಒಂದು ಉಪಯೋಗವಾಯಿತು.

ಆದರೂ ತಿಂಗಳ ಕೊನೆಗೆ ದಿಂಬು ಒಂದಿಷ್ಟು ಮೆತ್ತಗಾಗಿತ್ತು. ಮೇಷ್ಟರು ಗಾಬರಿಯಿಂದ ನೊರೆ ಹಚ್ಚಿ ಒತ್ತಿ ನೋಡಿದರು, ಗುಳ್ಳೆಯಿಲ್ಲ. ಮತ್ತೆ ಆ ಮುದ್ರಿತ ಹಾಳೆಯನ್ನು ತೆಗೆದು ಕೊನೆಯವರೆಗೆ ಓದಿದರು. ತೂತಿಲ್ಲದ ದಿಂಬಿನಿಂದಲೂ ಗಾಳಿಯು ಹಾಳೆಯ ಮೂಲಕ ಅತಿ ಸೂಕ್ಷ್ಮವಾಗಿ ಹೊರಹೋಗುತ್ತಿರುತ್ತದೆ; ಅದು ದೋಷವಲ್ಲ; ಪ್ರತಿ ಪ್ರಯಾಣಕ್ಕೂ ಮುನ್ನ ಕೈಯಿಟ್ಟು ನೋಡಿ ಬೇಕಾದಷ್ಟು ತುಂಬಿಕೊಳ್ಳತಕ್ಕದ್ದು ಎಂದಿತ್ತು. ಅವರು ಎದ್ದುಹೋಗಿ ಗೋಡೆಯ ಪಂಚಾಂಗದಲ್ಲಿ ಪ್ರತಿ ತಿಂಗಳೂ ಎರಡನೆಯ ಶನಿವಾರದ ಹಿಂದಿನ ದಿನಕ್ಕೆ ಪೆನ್ಸಿಲಿನಲ್ಲಿ ‘ಗಾಳಿ ನೋಡುವುದು’ ಎಂದು ಬರೆದರು. ಆಮೇಲೆ ಅಕ್ಕನಿಗೆ ಫೋನು ಮಾಡಿ, “ಶನಿವಾರ ಹನ್ನೊಂದು ಗಂಟೆಗೆ ಸಂಕದ ಹತ್ತಿರ ಇರುತ್ತೇನೆ, ಅನ್ನಕ್ಕೆ ಇಡು” ಎಂದರು.